ಸೇರಿನ ಮೇಲಿನ ಗೋಪುರ

ಇವತ್ತು ಶಿರಾದ ನನ್ನ ಅಂಗಡಿಗೆ ಗಂಗಕ್ಕ ಬಂದು ಒಂದು ಸೇರು ಕಡ್ಲೆಬೀಜ ಕೇಳಿದಳು. ಅವಳಿಗೆ ನನ್ನ ಗುರುತು ಹತ್ತಲಿಲ್ಲ. ನನಗೆ ಮಾತ್ರ ಅವಳ ದನಿ ಕೇಳಿದ್ದೇ ತಡ, ಅವಳ ಹಜಾರದ ಕಡ್ಲೆ ಸಿಪ್ಪೆಯ ಧೂಳು ಮೂಗಿಗೆ ಬಡಿಯಿತು.

ನಾನು ಚಿಕ್ಕವಳಿದ್ದಾಗ ಆ ಹಜಾರದಲ್ಲಿ ಅಮ್ಮ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬೆರಳು ಊದುವವರೆಗೂ ಕಡ್ಲೆಕಾಯಿ ಸುಲಿಯುತ್ತಿದ್ದಳು. ಹತ್ತು ಸೇರು ಬೀಜ ಸುಲಿದರೆ ಒಂದು ಸೇರು ಬೀಜವೇ ಕೂಲಿ. ನಮ್ಮಿಂದ ಅಳೆದುಕೊಳ್ಳುವಾಗ ಗಂಗಕ್ಕ ಸೇರಿನ ಮೇಲೆ ಗೋಪುರ ನಿಲ್ಲುವಷ್ಟು ತುಂಬುತ್ತಿದ್ದಳು. ಕೂಲಿ ಕೊಡುವಾಗ ಅಂಗೈಯಿಂದ ಸವರಿ ಮಟ್ಟ ಮಾಡುತ್ತಿದ್ದಳು. ಒಂದು ದಿನ ಯಾಕೆ ಅಂತ ಕೇಳಿಯೇಬಿಟ್ಟೆ.

“ಕೂಲಿಗ್ ಬಂದೋರು ಅಳ್ತೆ ಕೇಳ್ಬಾರ್ದು ಕಣಮ್ಮ,” ಅಂದಳು. ಅಮ್ಮ ಮುಂದಿನ ಕಾಯಿ ಒಡೆದಳು.

ಸಂಜೆ ಪಕ್ಕದ ಮನೆಯ ಸೇರು ತಂದು, ಗೋಪುರ ನಿಲ್ಲಿಸಿ, ಆ ಗೋಪುರದ ಬೀಜವನ್ನಷ್ಟೇ ಎಣಿಸಿದೆ. ನೂರಾ ಹನ್ನೆರಡು ಬೀಜ. ಮರುದಿನದಿಂದ ಗಂಗಕ್ಕನ ಹಜಾರದಲ್ಲಿ ಸುಲಿದ ರಾಶಿಯಿಂದ ದಿನವೂ ಅಷ್ಟನ್ನೂ ಲಂಗದ ಜೇಬಿಗೆ ಇಳಿಸತೊಡಗಿದೆ. ನೂರಾ ಹದಿಮೂರನೆಯದನ್ನು ಮುಟ್ಟಲಿಲ್ಲ.

ವಾರದೊಳಗೆ ಅಮ್ಮನ ಕೈಗೆ ಸಿಕ್ಕಿಬಿದ್ದೆ. ಏಟಿಗೆ ಬೆನ್ನು ಬಿಗಿಹಿಡಿದು ನಿಂತೆ. ಅಮ್ಮ ನಿಧಾನವಾಗಿ ಬೀಜ ಎಣಿಸಿ ಕೇಳಿದಳು, “ಇಷ್ಟ್ ವರ್ಸ ಅವ್ಳು ಸವರ್ಕಂಡಿದ್ದ ಅಂಗೇ ಬುಟ್ಬುಟ್ಯಾ?”

ಆಮೇಲೆ ಲಂಗಕ್ಕೆ ಇನ್ನೊಂದು ಜೇಬು ಹೊಲಿದಳು. ಆ ಬೀಜವನ್ನು ಡಬ್ಬಿಯಲ್ಲಿ ಕೂಡಿಟ್ಟು, ಮಾರಿ, ಆ ದುಡ್ಡಲ್ಲಿ ನಮ್ಮದೇ ಒಂದು ಹಿತ್ತಾಳೆ ಸೇರು ಕೊಂಡಳು. ಕೂಲಿ ಬಿಟ್ಟು ವ್ಯಾಪಾರಕ್ಕಿಳಿದದ್ದು ಅದರಿಂದಲೇ.

ಇವತ್ತು ಅದೇ ಸೇರಿಗೆ ಗೋಪುರ ನಿಲ್ಲುವಷ್ಟು ತುಂಬಿದೆ. ಗಂಗಕ್ಕ ಚೀಲದ ಬಾಯಿ ಬಿಡಿಸಿದಳು. ಆಗ ಅಂಗೈಯಿಂದ ಸವರಿದೆ.

“ಮೇಲಿಂದೆಲ್ಲ ತೆಗ್ದ್‌ಬುಟ್ಯಲ್ಲಮ್ಮ,” ಅಂದಳು.

“ನಿಮ್ ಹಜಾರದಾಗೇ ಕಲ್ತಿದ್ದು ಕಣಕ್ಕ,” ಅಂದೆ.