ಹಲಸಿನ ದಿಮ್ಮಿಯೊಳಗಿನ ಮೊಳೆ

"ಮೇಡಂ, ಈ ಮರಕ್ಕೆ ಯಾವತ್ತಾದ್ರೂ ಮೊಳೆ ಗಿಳೆ ಬಡ್ದಿದ್ರಾ?" ಗರಗಸ ಚಾಲೂ ಮಾಡುವ ಮುನ್ನ ಮಿಸ್ತ್ರಿ ಮುನಿಯಪ್ಪ ಕೇಳಿದರು.

"ನೆವರ್! ನಮ್ಮ ಕಾಂಪೌಂಡಿನ ಮರ, ನಂಗೊತ್ತಿಲ್ವಾ?" ಎಂದೆ, ಕಾನ್ವೆಂಟ್ ಠೀವಿಯಲ್ಲಿ.

ಎಪ್ಪತ್ತರ ದಶಕದ ವೈಟ್‌ಫೀಲ್ಡ್. ಸ್ಕಾಟ್ಲೆಂಡಿನ ದೊರೆಯೊಬ್ಬ ತನ್ನೂರಿನ ಎಸ್ಟೇಟಿನ ನೆನಪಿಗೆಂದು ಬಂಗಲೆಯ ಹಿಂದೆ, ಕುದುರೆ ಲಾಯದ ಪಕ್ಕದಲ್ಲಿ ಕಟ್ಟಿಸಿದ್ದ ಸಾಮಿಲ್ ಅದು. ದೊರೆ ಹೋಗಿ ಎಷ್ಟೋ ಕಾಲವಾಗಿತ್ತು. ಗರಗಸ ಮಾತ್ರ ಇನ್ನೂ ಓಡುತ್ತಿತ್ತು. ಗಾಳಿಗೆ ಬಿದ್ದ ನಮ್ಮ ಹಲಸಿನ ಮರದಲ್ಲಿ ಡೈನಿಂಗ್ ಟೇಬಲ್ ಮಾಡಿಸುವ ಉಮೇದು ನನಗೆ.

ಮುನಿಯಪ್ಪ ನಗುತ್ತಲೇ ಎಡಗೈ ಎತ್ತಿ ತೋರಿಸಿದರು. ಎರಡು ಬೆರಳಿರಲಿಲ್ಲ. "ಆವತ್ತೂ ಒಬ್ರು ಮೇಡಂ ಇಂಗೇ ಏಳಿದ್ರು. ಮೊಳೆಗೆ ಸಿಕ್ಕಿ ಬ್ಲೇಡು ತುಂಡಾಗೋಯ್ತು. ಮನೆ ಅತ್ರದ ಮರ ನಂಬಂಗಿಲ್ಲ ಕಣಕ್ಕಾ."

ಅವರು ದಿಮ್ಮಿಯ ಮೇಲೆಲ್ಲ ಅಂಗೈ ಆಡಿಸಿ, ತೊಗಟೆ ಗಂಟುಕಟ್ಟಿದ್ದ ಜಾಗ ಹುಡುಕಿ, ಉಳಿಯಿಂದ ಕೆತ್ತತೊಡಗಿದರು. ಮೂರಿಂಚು ಆಳದಲ್ಲಿ ತುಕ್ಕು ಹಿಡಿದ ಉದ್ದನೆಯ ಮೊಳೆ! ಓ ಮೈ ಗಾಡ್, ಮದುವೆಯಾದ ಹೊಸದರಲ್ಲಿ ಬ್ಯಾಡ್ಮಿಂಟನ್ ನೆಟ್ ಕಟ್ಟಲು ನಾನೇ ಹೊಡೆದಿದ್ದ ಮೊಳೆ. "ಸಾರಿ, ನಾನೇ ಹೊಡೆದದ್ದು," ಎಂದೆ.

"ಓಗ್ಲಿ ಬಿಡ್ರಕ್ಕಾ, ಎಂಟು ಬೆರಳು ಉಳ್ಕಂಡ್ವಲ್ಲ!" ಎಂದು ಅವರು ಗರಗಸದ ಕಡೆ ನಡೆದರು.

ಟೇಬಲ್ ಮೇಲೆ ಉಳಿ ಮಾಡಿದ ಗುಳಿ ಈಗಲೂ ಇದೆ; ಊಟಕ್ಕೆ ಕೂತರೆ ಬಟಾಣಿ ಉರುಳಿ ಅಲ್ಲೇ ಸೇರುತ್ತದೆ. ಮುಚ್ಚಿಸಿ ಪಾಲಿಶ್ ಹೊಡೆಸೋಣ ಎಂದು ಮನೆಯವರು ಹೇಳುತ್ತಲೇ ಇರುತ್ತಾರೆ. ನಾನು ಒಪ್ಪಿಲ್ಲ. ಅದರ ಮುಂದೆ ಕೂತು ಯಾವುದನ್ನಾದರೂ "ಖಂಡಿತ" ಎನ್ನಲು ನನಗೆ ಇಂದಿಗೂ ಧೈರ್ಯ ಬರುವುದಿಲ್ಲ.