ಕಂಪನಿಗೆ ಬೇಡವಾಗಬೇಕಿದ್ದ ವಾರ

ಅಕ್ಕ ಹಠ ಹಿಡಿದು ಕೊಳ್ಳಹೊರಟದ್ದು ಒಂದು ವಾರವನ್ನು. ಚಿನ್ನವಲ್ಲ, ಸೈಟಲ್ಲ, ವಾರ. ಗೋವಾದ ಒಂದು ರೆಸಾರ್ಟಿನಲ್ಲಿ ಪ್ರತಿವರ್ಷ ಜುಲೈ ತಿಂಗಳ ಒಂದು ವಾರ ಎರಡು ಕೋಣೆಯ ಮನೆಯೊಂದು ನಮ್ಮದಾಗಿರುತ್ತದೆ, ಮಿಕ್ಕ ದಿನ ಯಾರ್ಯಾರದೋ. ಇದಕ್ಕೆ ಟೈಮ್‌ಶೇರ್ ಎನ್ನುತ್ತಾರೆ. ಭಾವನಿಗೆ ಇದನ್ನು ಅರ್ಥಮಾಡಿಸಲು ಎರಡು ಶುಕ್ರವಾರ ಬೇಕಾದವು. ಕೊನೆಗೆ ಅವರು, ಅಂದರೆ ವರ್ಷವಿಡೀ ನಮ್ಮದಲ್ಲದ ಮನೆಗೆ ವರ್ಷವಿಡೀ ಮೆಂಟೆನೆನ್ಸ್ ಕಟ್ಟುವುದು ಎಂದು ಸಾರಾಂಶ ಹೇಳಿದರು. ಅದು ಪೂರ್ತಿ ತಪ್ಪೂ ಅಲ್ಲ.

ಅಕ್ಕ ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಕುವೈತಿಗೆ ಬಂದಾಗಿನಿಂದ ಅವಳ ರಜೆಯೆಲ್ಲ ನೆಂಟರ ಪಾಲು. ಅರ್ಧ ಅತ್ತೆಮನೆಗೆ, ಅರ್ಧ ನಮ್ಮ ಮನೆಗೆ, ಮಧ್ಯೆ ಗೃಹಪ್ರವೇಶ, ಸೀಮಂತ, ತೀರಿಕೊಂಡವರ ಬೊಜ್ಜ. ಅವಳು ಎಲ್ಲಾದರೂ ಕುಳಿತಳೆಂದರೆ ಸಾಕು, ಯಾರಾದರೊಬ್ಬರು ಬಿ.ಪಿ. ನೋಡು ಎಂದು ತೋಳು ಮಡಚಿಕೊಂಡು ಎದುರು ಬಂದು ಕೂರುತ್ತಿದ್ದರು. ಹೋದ ಸಲ ಊರಿಂದ ಬಂದವಳು, ಇನ್ನು ಡ್ಯೂಟಿಗೆ ಹೋಗಿಯೇ ಸುಧಾರಿಸಿಕೊಳ್ಳಬೇಕು ಎಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ. ಒಂದು ವಾರ, ತನ್ನದೇ ಒಂದು ಬಾಗಿಲು, ಒಳಗಿನಿಂದ ಚಿಲಕ. ಅಷ್ಟೇ ಅವಳಿಗೆ ಬೇಕಿದ್ದದ್ದು.

ಆ ವಾರ ಪಕ್ಕದ ಕಟ್ಟಡದ ಅಂಕಲ್‌ರದು. ನಮ್ಮ ಕಡೆಯ ಕ್ರಿಶ್ಚಿಯನ್ನರು, ಸಾಲ್ಮಿಯಾದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಲೇ ತಲೆ ಬೆಳ್ಳಗಾದವರು, ಸಕ್ಕರೆ ಕಾಯಿಲೆಯ ದೆಸೆಯಿಂದ ಅಕ್ಕನಿಗೆ ಪರಿಚಯವಾದವರು. ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಗಿಸಿ ಪೂರ್ತಿಯಾಗಿ ಮಂಗಳೂರಿಗೆ ಹೊರಟಿದ್ದರು. ಮನೆಯೆದುರೇ ಪುಕ್ಕಟೆ ಮಳೆ ಬರುವಾಗ ಗೋವಾದ ಮಳೆಗೆ ದುಡ್ಡು ಕೊಡುವುದೇಕೆ ಎನ್ನುವುದು ಅವರ ವಾದ. ನಲವತ್ತೆಂಟು ಡಿಗ್ರಿಯಲ್ಲಿ ಬೇಯುವ ಅಕ್ಕನಿಗೆ ಆ ಮಳೆಯೇ ಬೇಕಿತ್ತು. ಒಂದು ಚಹಾ ಮುಗಿಯುವಷ್ಟರಲ್ಲಿ ಬೆಲೆ ಕುದುರಿತು.

ಕಾಗದ ಮಾಡುವಾಗ ಭಾವ ಎದ್ದು ಕೂತರು. ಊರಿನಲ್ಲಿ ಒಂದು ಸೈಟು ರಿಜಿಸ್ಟ್ರಿ ಮಾಡಿಸಿದ ಮೇಲೆ ಅವರು ಭೂಮಿಯ ಮೇಲಿನ ಎಲ್ಲ ವ್ಯವಹಾರಕ್ಕೂ ವಕೀಲರು. ವರ್ಗಾವಣೆಗೆ ಕಂಪನಿ ಬೆಲೆಯ ಮೇಲೆ ಇಷ್ಟು ಎಂದು ಫೀಸು ಹಿಡಿಯುತ್ತದೆ, ಆದ್ದರಿಂದ ಕಾಗದದಲ್ಲಿ ಅರ್ಧ ಬರೆಯೋಣ, ಉಳಿದದ್ದು ಕೈಯಲ್ಲಿ ಎಂದರು. ಜಾಗ ಮಾರುವಾಗ ನಮ್ಮ ಕಡೆ ಎಲ್ಲರೂ ಮಾಡುವುದೇ ಅದು. ಪೂರ್ತಿ ಬರೆದವನನ್ನು ಪಾಪ ಎಂದು ನೋಡುತ್ತಾರೆ. ಅಂಕಲ್ ಕನ್ನಡಕ ಸರಿಮಾಡಿಕೊಂಡು ಸಹಿ ಹಾಕಿದರು. ಟೈಪ್ ಮಾಡಿ ಕಂಪನಿಗೆ ಕಳಿಸಿದವನು ನಾನು. ಅರ್ದಿಯಾದ ಗೋದಾಮೊಂದರಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ನನ್ನ ಕಂಟ್ರೋಲಿನಲ್ಲಿ ಇರುವುದು ಸ್ಟೇಪ್ಲರ್ ಒಂದೇ, ಅದೂ ಆಗಾಗ.

ಮರುವಾರ ಶುಕ್ರವಾರ, ಕೋರಿರೊಟ್ಟಿ ಉಂಡು ಎಲ್ಲರೂ ಒರಗಿದ್ದ ಹೊತ್ತು. ನನಗೆ ಇರುವುದೊಂದೇ ವಿದ್ಯೆ, ಬೇರೆಯವರ ದನಿ ತೆಗೆಯುವುದು. ಅವತ್ತು ಮೆಂಬರ್‌ಶಿಪ್ಪಿನ ಅಂಕಲ್ ಕೊಟ್ಟ ಹಳೇ ಒಪ್ಪಂದವನ್ನು ಹಿಡಿದು, ರೆಸಾರ್ಟ್ ಮಾರುವ ಹುಡುಗರ ಜೇನು ಸುರಿಯುವ ದನಿಯಲ್ಲಿ ಓದುತ್ತಿದ್ದೆ. ಭಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಓದುತ್ತ ಓದುತ್ತ ಒಂದು ಕಲಮಿಗೆ ಬಂದೆ. ಸದಸ್ಯ ತನ್ನ ವಾರವನ್ನು ಹೊರಗಿನವರಿಗೆ ಮಾರುವ ಮೊದಲು ಬೆಲೆಯನ್ನು ಕಂಪನಿಗೆ ತಿಳಿಸಬೇಕು, ಮೂವತ್ತು ದಿನದೊಳಗೆ ಕಂಪನಿಗೆ ಮನಸ್ಸಾದರೆ ಅದೇ ಬೆಲೆಗೆ ತಾನೇ ಕೊಳ್ಳಬಹುದು, ಮೊದಲ ಹಕ್ಕು ಅದರದು. ನನ್ನ ಜೇನು ಅಲ್ಲೇ ಗಟ್ಟಿಯಾಯಿತು.

ಅಕ್ಕ ಅಡುಗೆಮನೆಯಿಂದ ಹೊರಗೆ ಬಂದಳು.

“ಅದನ್ನು ಇನ್ನೊಮ್ಮೆ ಓದು. ನಿನ್ನ ದನಿಯಲ್ಲಿ ಓದು.”

ಓದಿದೆ. ವಿವರಿಸುವ ಅಗತ್ಯ ಬೀಳಲಿಲ್ಲ. ನಾವು ಕಂಪನಿಗೆ ಬರೆದು ತಿಳಿಸಿದ್ದು ಅರ್ಧ ಬೆಲೆ. ಅರ್ಧಕ್ಕೆ ಸಿಗುವ ವಾರವನ್ನು ಯಾವ ಕಂಪನಿ ಬಿಟ್ಟೀತು? ಅದು ಕೈಚಾಚಿದರೆ ಅಕ್ಕನ ವಾರ ಹೋಯಿತು, ಅಂಕಲ್‌ಗೆ ಅರ್ಧ ದುಡ್ಡು ಮುಳುಗಿತು. ಭಾವ ಒಂದು ಕಿತ್ತಳೆ ಸುಲಿಯತೊಡಗಿದರು. ಸುಲಿದದ್ದನ್ನು ತಿನ್ನಲಿಲ್ಲ.

ಕಂಪನಿ ಇನ್ನೂ ಒಪ್ಪಿರದಿದ್ದರೆ ಮಾರುವವನು ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು. ಗೋವಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಆಫೀಸು ಮುಚ್ಚಲು ಇನ್ನು ಹೆಚ್ಚು ಹೊತ್ತಿರಲಿಲ್ಲ. ಆದರೆ ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿಸಿ, ಉಂಡು ಮಲಗಿದ ಅಂಕಲ್‌ರನ್ನು ಎಬ್ಬಿಸಿ ಇದನ್ನು ಹೇಳುವವರು ಯಾರು?

ಭಾವ ದನಿ ತಗ್ಗಿಸಿ, “ನೀನು ಅಂಕಲ್ ಹಾಗೆಯೇ ಮಾತಾಡ್ತೀಯಲ್ಲ ಮಾರಾಯ, ಒಂದು ಫೋನ್ ಮಾಡಿ ಕ್ಯಾನ್ಸಲ್ ಅಂತ ಹೇಳಿಬಿಡು. ಅವರಿಗೆ ಸುಮ್ಮನೆ ಎಂತಕ್ಕೆ ಟೆನ್ಶನ್?” ಎಂದರು.

ಸುಳ್ಳು ಹೇಳುವುದಿಲ್ಲ, ನನಗೆ ಆಸೆಯಾಯಿತು. ನಮ್ಮೂರವರ ಸಂಘದ ಪಿಕ್ನಿಕ್ಕಿನಲ್ಲಿ ನಾನು ಅಂಕಲ್‌ರ ದನಿ ತೆಗೆದಾಗ ಮೊದಲು ಚಪ್ಪಾಳೆ ತಟ್ಟಿದ್ದು ಅವರೇ. ಒಮ್ಮೆ ಕೆಮ್ಮಿ, ಗಂಟಲು ಕೆಳಗಿಳಿಸಿ, ಅವರ ಹೆಸರು ಹೇಳಿ ನೋಡಿದೆ. ಎಷ್ಟು ಸರಿಯಾಗಿ ಬಂತೆಂದರೆ ನನ್ನ ತೋಳಿನ ರೋಮ ಎದ್ದವು. ಕಲಾವಿದನಿಗೆ ಇಂಥ ಅವಕಾಶ ಮತ್ತೆ ಸಿಗುವುದಿಲ್ಲ ಎಂದೂ ಒಂದು ಕ್ಷಣ ಅನ್ನಿಸಿತು. ಅಕ್ಕ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

“ಆ ದನಿಯಲ್ಲಿ ಇನ್ನೊಂದು ಮಾತಾಡಿದ್ರೆ ಈ ಮನೆಯಲ್ಲಿ ನಿನಗೆ ಊಟ ಇಲ್ಲ.”

ಶಾಲು ಹೊದ್ದು ಹೊರಟೇಬಿಟ್ಟಳು. ನಾವಿಬ್ಬರೂ ಹಿಂದೆ.

ಅಂಕಲ್ ಲುಂಗಿಯಲ್ಲೇ ಬಾಗಿಲು ತೆರೆದರು. ಕಾರ್ಟನ್‌ಗಳ ನಡುವೆ ಕೂರಲು ಜಾಗವಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಯಾರ ದನಿಯೂ ನೆರವಿಗೆ ಇಲ್ಲದೆ ಮಾತಾಡಿದ್ದರಿಂದ ಎರಡು ಕಡೆ ತೊದಲಿದೆ. ಭಾವ ಹೊಸ್ತಿಲ ಆಚೆ, ಚಪ್ಪಲಿ ಬಿಚ್ಚುವುದೋ ಬೇಡವೋ ಎಂಬ ಭಂಗಿಯಲ್ಲಿ ನಿಂತಿದ್ದರು. ಅಂಕಲ್ ಮಂಡಿ ಉಜ್ಜಿಕೊಂಡರು. ಆಮೇಲೆ ಫೋನು ಎತ್ತಿ, ಸ್ಪೀಕರ್ ಹಾಕಿದರು.

ಒಬ್ಬಳು ಇನ್ನೊಬ್ಬನಿಗೆ ಕೊಟ್ಟಳು, ಅವನು ಮತ್ತೊಬ್ಬಳಿಗೆ. ನಡುನಡುವೆ ಪಿಯಾನೋ. ಹುಟ್ಟಿದ ತಾರೀಕು ಕೇಳಿದರು, ತಾಯಿಯ ಹೆಸರು ಕೇಳಿದರು. ಅದು ನನಗೆ ಗೊತ್ತಿರಲಿಲ್ಲ. ಕಲಾವಿದ ಅಲ್ಲೇ ಸಿಕ್ಕಿಬೀಳುತ್ತಿದ್ದ. ನಿಮ್ಮ ಫೈಲು ಸಹಿಗೆ ಹೋಗಿದೆ, ನೋಡಿ ಹೇಳುತ್ತೇನೆ ಎಂದು ಆ ಕಡೆಯ ಹೆಂಗಸು ಮತ್ತೆ ಪಿಯಾನೋ ಹಾಕಿದಳು. ಅಕ್ಕ ಒಂದು ಕಾರ್ಟನ್ನಿನ ಟೇಪನ್ನು ಉಗುರಿನಿಂದ ಕೀಳುತ್ತಿದ್ದಳು.

ಪಿಯಾನೋ ನಿಂತಿತು. ಸಹಿ ಇನ್ನೂ ಆಗಿಲ್ಲ ಎಂದಳು. ಹಿಂದಕ್ಕೆ ತೆಗೆದುಕೊಳ್ಳಲು ಕಾರಣ ಕೇಳಿದಳು.

ಅಂಕಲ್ ತಮ್ಮ ಆಫೀಸಿನ ಇಂಗ್ಲಿಷಿನಲ್ಲಿ, ಬೆಲೆ ತಪ್ಪಾಗಿ ಬರೆದಿದೆ, ಬರೆದವನು ನಾನೇ, ಸರಿಯಾದದ್ದನ್ನು ಇವತ್ತೇ ಕಳಿಸುತ್ತೇನೆ ಎಂದರು. ಭಾವ ಹೊಸ್ತಿಲು ದಾಟಿ ಏನೋ ಹೇಳಹೊರಟರು. ಅಂಕಲ್ ಕೈಯೆತ್ತಿ ತಡೆದರು. ಫೋನಿಟ್ಟ ಮೇಲೆ, “ಸಹಿ ನಂದಲ್ವಾ? ನಿಮ್ಮ ಹೆಸರು ಎಂತಕ್ಕೆ ತರುವುದು,” ಎಂದರಷ್ಟೇ. ಭಾವ ಆಗ ಚಪ್ಪಲಿ ಬಿಚ್ಚಿದರು.

ಪೂರ್ತಿ ಬೆಲೆಯ ಕಾಗದ ಹೋಯಿತು, ಮೂವತ್ತು ದಿನ ಮೊದಲಿನಿಂದ ಶುರುವಾಯಿತು. ಕಂಪನಿ ಅದಕ್ಕೂ ಕೈಚಾಚಬಹುದಿತ್ತು. ಅಂಕಲ್ ವಿಮಾನ ಹತ್ತಿದರು, ಉತ್ತರ ಬರಲಿಲ್ಲ. ನಾವು ಕೊಳ್ಳಬೇಕೆಂದಿರುವ ವಸ್ತು ಇನ್ನೊಬ್ಬರಿಗೆ ಬೇಡವಾಗಲಿ ಎಂದು ದೇವರನ್ನು ಬೇಡುವುದು ವಿಚಿತ್ರ ಭಕ್ತಿ. ಅಕ್ಕ ಊಟದ ನಡುವೆ ಎದ್ದು ಹೋಗಿ ಫೋನು ನೋಡುತ್ತಿದ್ದಳು. ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ಗೋದಾಮಿನ ಮುದೀರ್, ನಮ್ಮ ಮ್ಯಾನೇಜರ್, ನನಗೆ ಜ್ವರವೋ ಎಂದು ವಿಚಾರಿಸಿದ.

ಒಂದು ಮಧ್ಯಾಹ್ನ ಗೋದಾಮಿನಲ್ಲಿ ಪೆಟ್ಟಿಗೆಗಳ ಮಧ್ಯೆ ಇದ್ದಾಗ ಮಂಗಳೂರಿನಿಂದ ಅಂಕಲ್‌ರ ಮೆಸೇಜು ಬಂತು, ಕಂಪನಿಯ ಪತ್ರದ ಫೋಟೋ. ತನ್ನ ಹಕ್ಕನ್ನು ಚಲಾಯಿಸಲು ಕಂಪನಿಗೆ ಇಷ್ಟವಿಲ್ಲ. ಅಕ್ಕನಿಗೆ ಫೋನು ಮಾಡಿ, ಬೇಡವಂತೆ ಎಂದೆ. ಆ ಕಡೆ ಯಾರದೋ ಮಗು ಇಂಜೆಕ್ಷನ್ನಿಗೆ ಅಳುತ್ತಿತ್ತು. ಅಕ್ಕ ಫೋನು ಇಡಲಿಲ್ಲ.

ಸಂಜೆ ಭಾವ, ಅವರಿಗೇ ಬೇಡದ್ದನ್ನು ನಾವು ತೆಗೆದುಕೊಳ್ಳುವುದು ಸರಿಯೋ ಎಂದು ಯೋಚಿಸಲು ಆರಂಭಿಸಿದ್ದರು. ಅಷ್ಟರಲ್ಲಿ ಅಕ್ಕ ದುಡ್ಡು ಕಳಿಸಿ ಆಗಿತ್ತು, ಪೂರ್ತಿ, ಬರೆದಷ್ಟೇ. ರಾತ್ರಿಯೂಟಕ್ಕೆ ಮುಂಚೆ ಅವಳ ಅತ್ತೆಯ ಫೋನು ಬಂತು. ಈ ಸಲದ ರಜೆಯಲ್ಲಿ ಒಂದು ವಾರ ಗೋವಾ ಎಂದು ಅವರಿಗೆ ಆಗಲೇ ಸುದ್ದಿ ಮುಟ್ಟಿತ್ತು. ಗೋವಾದಲ್ಲಿ ನಮ್ಮವರು ಯಾರಿದ್ದಾರೆ ಎಂದು ಅವರು ಕೇಳಿದ್ದು ನನಗೂ ಕೇಳಿಸಿತು.

“ಯಾರೂ ಇಲ್ಲ ಅತ್ತೆ,” ಎಂದಳು ಅಕ್ಕ.