ಪಿಕಪ್ಪಿಗೆ ಟರ್ಬೋ ಹಾಕಿಸುವ ಮಾತು

ನಮ್ಮ ಯಜಮಾನರಿಗೆ ಮಾತು ಜಾಸ್ತಿ. ಮದುವೆಯಾದ ಹೊಸದರಲ್ಲಿ ಈ ಮನುಷ್ಯ ಉಸಿರು ಯಾವಾಗ ತಗೊಳ್ಳುತ್ತಾರೆ ಎಂದು ನನಗೆ ಯೋಚನೆಯಾಗುತ್ತಿತ್ತು. ಹಲ್ಲುಜ್ಜುವಾಗ ಮಾತು, ಊಟಕ್ಕೆ ಕೂತಾಗ ಮಾತು. ಪಿಕಪ್ ಓಡಿಸುವಾಗಲಂತೂ ಕೇಳುವುದೇ ಬೇಡ, ಇಂಜಿನ್ನಿನ ಸದ್ದನ್ನೂ ಮೀರಿಸಿ ಕೂಗಿ ಮಾತಾಡುತ್ತಾರೆ. ನಾನು ಗೊಣಗುತ್ತಲೇ ಇಷ್ಟು ವರ್ಷ ಸಂಸಾರ ಮಾಡಿಕೊಂಡು ಬಂದೆ. ಆ ಮಾತು ಒಂದು ದಿನ ನಿಂತುಹೋಗಬಹುದು ಎಂದು ಮಾತ್ರ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ನಮ್ಮದು ಅಡುಗೆ ಕಂಟ್ರಾಕ್ಟು. ಆರ್‌ಪಿಸಿ ಲೇಔಟಿನ ಮನೆಯಲ್ಲಿ ಕೆಳಗಡೆ ಪಾತ್ರೆ ಪಡಗ, ಮೇಲ್ಗಡೆ ನಾವು ಮೂವರು: ನಾನು, ಇವರು, ನಮ್ಮತ್ತೆ. ಮದುವೆಯೋ ಸೀಮಂತವೋ ಗೃಹಪ್ರವೇಶವೋ, ಅಡುಗೆ ನನ್ನದು, ಸಾಗಿಸುವುದು ಇವರದು. ಸಾಗಿಸುವುದಕ್ಕೆ ಒಂದು ಹಳೇ ಡೀಸೆಲ್ ಪಿಕಪ್ ಇದೆ. ಈಗಿನ ಗಾಡಿಗಳಂತೆ ಅದರೊಳಗೆ ಕಂಪ್ಯೂಟರ್ ಇಲ್ಲ. ಕಬ್ಬಿಣ, ಡೀಸೆಲ್, ಇವರ ಬೈಗುಳ, ಇಷ್ಟರಲ್ಲೇ ಓಡುತ್ತದೆ. ಮನೆಯಲ್ಲಿ ನಮ್ಮತ್ತೆ ನಡೆಸಿಕೊಂಡು ಬಂದ ಒಂದು ಪದ್ಧತಿಯಿದೆ. ನಮಗಾಗಿ ಭಾರ ಹೊತ್ತವರು ಯಾರೂ ಹಸಿದುಕೊಂಡು ವಾಪಸ್ ಹೋಗಬಾರದು. ಗ್ಯಾಸ್ ಸಿಲಿಂಡರ್ ತಂದವರಿಗೂ ತರಕಾರಿ ಮೂಟೆ ಇಳಿಸಿದವರಿಗೂ ಬಡಿಸದೆ ಅವರು ಬಿಡುವುದಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದಾಗ ಕೆಂಗೇರಿಯಲ್ಲಿ ಒಂದು ಸೀಮಂತವಿತ್ತು. ಬಿಸಿಬೇಳೆಬಾತು, ಮೊಸರನ್ನ, ಪಾಯಸ ಎಲ್ಲ ಮನೆಯಲ್ಲೇ ಮಾಡಿ, ಹಿಂದುಗಡೆ ತುಂಬಿಕೊಂಡು ಹೊರಟೆವು. ನಾಯಂಡಹಳ್ಳಿ ಫ್ಲೈಓವರ್ ಅರ್ಧ ಹತ್ತಿದ್ದೇ ತಡ, ಗಾಡಿ ಮುಕ್ಕರಿಯತೊಡಗಿತು. ಸೆಕೆಂಡ್ ಗೇರ್, ಆಮೇಲೆ ಫಸ್ಟ್ ಗೇರ್, ಆಮೇಲೆ ಬರೀ ಕರೀ ಹೊಗೆ. ಹಿಂದೆ ಬಸ್ಸು, ಆಟೋ, ಬೈಕು ಎಲ್ಲ ಸೇರಿ ಹಾರ್ನ್ ಹೊಡೆಯುತ್ತಿದ್ದರೆ ಇವರು ಬೆವೆತು ಹೋದರು. ಕೊನೆಗೆ ಟ್ರಾಫಿಕ್ ಪೊಲೀಸರೇ ಬಂದು ಹಿಂದಿನವರನ್ನು ಸರಿಸಿ, ನಮ್ಮನ್ನು ರಿವರ್ಸಿನಲ್ಲಿ ಕೆಳಗಿಳಿಸಿದರು. ಬೈಕಿನಲ್ಲಿದ್ದ ಒಬ್ಬ ಹುಡುಗ ಕಿಟಕಿಯ ಹತ್ತಿರ ಬಂದು, ಗುಜರಿಗೆ ಹಾಕ್ಬಿಡಿ ಅಂಕಲ್ ಎಂದು ಸಮಾಧಾನವಾಗಿ ಹೇಳಿ ಹೋದ. ಬೈದಿದ್ದರೆ ಇವರೂ ಬೈಯುತ್ತಿದ್ದರು. ಅಷ್ಟು ಮೆತ್ತಗೆ ಹೇಳಿದ್ದು ಎದೆಗೆ ನಾಟಿತು.

ಅವತ್ತಿನಿಂದ ಇವರು ಮೌನವಾದರು. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದರು, ಅಷ್ಟೇ. ಕಾಫಿ ಕುಡಿದರೆ ಲೋಟ ಇಡುವ ಸದ್ದು ಕೇಳಿಸುತ್ತಿತ್ತು, ಹಿಂದೆಂದೂ ಕೇಳಿಸಿರಲಿಲ್ಲ. ಫ್ಲೈಓವರ್ ಕಂಡರೆ ಕೆಳಗಿನ ರಸ್ತೆಯಲ್ಲೇ ಸುತ್ತಿಕೊಂಡು ಹೋಗುವರು. ಒಂದು ದಿನ ಊಟದ ನಡುವೆ, "ಗಾಡಿ ಮಾರ್ಬಿಡೋಣ ಕಣೇ. ಇನ್ಮೇಲೆ ಬಾಡಿಗೆ ಗಾಡಿ ಇಟ್ಕೊ. ನಂಗೂ ಸಾಕಾಗಿದೆ," ಎಂದರು. ನನಗೆ ಹೆದರಿಕೆಯಾಯಿತು. ಗಾಡಿ ಹೋದರೆ ಹೋಗಲಿ, ಕಬ್ಬಿಣ ತಾನೇ. ಈ ಮನುಷ್ಯ ಹೀಗೇ ಸುಮ್ಮನೆ ಕೂತುಬಿಟ್ಟರೆ ನಾನೇನು ಮಾಡಲಿ?

ನನಗೆ ಹೆದರಿಕೆಯಾದರೆ ಸಿಟ್ಟು ಬರುತ್ತದೆ. ಅದೇ ವಾರ ರಾಜಾಜಿನಗರದ ಒಬ್ಬರು ಮಗಳ ಮದುವೆಯ ಅಡುಗೆ ಮಾತಾಡಲು ಬಂದರು. ಮಾಘಮಾಸದಲ್ಲಿ ಮದುವೆ, ಅದೂ ದೇವರಾಯನದುರ್ಗದ ಬೆಟ್ಟದ ಮೇಲೆ. ಇವರನ್ನು ಒಂದು ಮಾತು ಕೇಳದೆ ಒಪ್ಪಿಕೊಂಡು ಎಲೆ ಅಡಿಕೆ ತಗೊಂಡುಬಿಟ್ಟೆ. ಬಂದವರು ಮೆಟ್ಟಿಲಿಳಿದು ಹೋದ ಮೇಲೆ ಇವರು ನನ್ನ ಕಡೆ ತಿರುಗಿದರು. ಬೈಸಿಕೊಳ್ಳಲು ನಾನು ಸಿದ್ಧಳಾಗಿದ್ದೆ. ಅವರು ಹೇಳಿದ್ದೇ ಬೇರೆ.

"ಆ ಬೆಟ್ಟ ಹತ್ತಬೇಕಾದ್ರೆ ಟರ್ಬೋ ಹಾಕಿಸ್ಬೇಕಾಗುತ್ತೆ."

ಟರ್ಬೋ ಅಂದರೇನು ಎಂದು ಕೇಳಿದೆ. ಇಂಜಿನ್ನು ಹೊರಗೆ ಬಿಡುವ ಹೊಗೆಯಿಂದಲೇ ಒಂದು ಸಣ್ಣ ಫ್ಯಾನ್ ತಿರುಗುತ್ತದಂತೆ. ಅದು ಒಳಗೆ ಗಾಳಿ ನೂಕುತ್ತದಂತೆ. ಗಾಳಿ ಜಾಸ್ತಿಯಾದಷ್ಟೂ ಡೀಸೆಲ್ ಚೆನ್ನಾಗಿ ಉರಿದು ಬಲ ಬರುತ್ತದಂತೆ. ಒಲೆಗೆ ಊದುಗೊಳವೆ ಹಿಡಿದ ಹಾಗೆ ಎಂದು ನನಗೆ ತಿಳಿಯುವಂತೆಯೂ ಹೇಳಿದರು. ಊಟಕ್ಕೆ ಕೂತ ಮೇಲೂ ಅದನ್ನೇ ಹೇಳುತ್ತಾ ಹೇಳುತ್ತಾ ತಟ್ಟೆಯ ಅನ್ನ ಆರಿಹೋಯಿತು. ನಾನು ಆ ಅನ್ನವನ್ನೇ ತಿಂದೆ. ಅಷ್ಟು ರುಚಿಯಾದ ತಣ್ಣನ್ನ ನಾನು ಯಾವತ್ತೂ ತಿಂದಿಲ್ಲ.

ಅಲ್ಲಿಂದ ನಮ್ಮ ಮನೆಯಲ್ಲಿ ಪಿಕಪ್ಪಿನ ಪಾರಾಯಣ ಶುರುವಾಯಿತು. ಬೆಳಿಗ್ಗೆ ಎದ್ದರೆ ಮೊಬೈಲಿನಲ್ಲಿ ಯಾವುದೋ ದೇಶದವರು ಹಳೇ ಗಾಡಿ ಬಿಚ್ಚುವ ವಿಡಿಯೋ. ತಿಂಡಿ ಆದ ಮೇಲೆ ನಾಯಂಡಹಳ್ಳಿಯ ಗ್ಯಾರೇಜು. ಅಲ್ಲಿನ ಮೆಕ್ಯಾನಿಕ್ಕೂ ಇವರೂ ಬಾನೆಟ್ ಎತ್ತಿ, ತಲೆಗೆ ತಲೆ ತಾಗಿಸಿಕೊಂಡು ನಿಂತರೆ ಮಧ್ಯಾಹ್ನ ಆಗಿದ್ದೂ ಗೊತ್ತಾಗುತ್ತಿರಲಿಲ್ಲವಂತೆ. ಟರ್ಬೋ ಹಾಕಿದರೆ ಗಾಳಿ ಬಿಸಿಯಾಗುತ್ತದೆ, ತಣ್ಣಗೆ ಮಾಡಲು ಇಂಟರ್‌ಕೂಲರ್ ಬೇಕು. ಬಲ ಜಾಸ್ತಿಯಾದರೆ ಹಳೇ ಕ್ಲಚ್ ಪ್ಲೇಟ್ ತಡೆಯುವುದಿಲ್ಲ. ಹೊಗೆ ಸಲೀಸಾಗಿ ಹೋಗಲು ಸೈಲೆನ್ಸರ್ ಪೈಪು ದಪ್ಪದ್ದಾಗಬೇಕು. ಹೀಗೆ ಒಂದು ಹಿಡಿದರೆ ಇನ್ನೊಂದು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದರೆ ಪಕ್ಕದಲ್ಲಿ ನಿಂತು ಸೌಟನ್ನೇ ಪಿಸ್ಟನ್ ಮಾಡಿ ತೋರಿಸುವರು. ನಿಮ್ಮ ಗಾಡಿ ಹಾಳಾಗ, ಆ ಕಡೆ ಸರೀರಿ ಎಂದು ಬೈಯುತ್ತಿದ್ದೆ. ಹೊಟ್ಟೆಯೊಳಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ.

ಮದುವೆ ಹತ್ತಿರ ಬಂದಾಗ ಒಂದು ಭಾನುವಾರ ಬೆಳಿಗ್ಗೆ ಕೆಲಸ ಶುರು ಮಾಡಿಯೇಬಿಟ್ಟರು. ಟರ್ಬೋಗೆ ಮುಂಚೆ ಗಾಳಿ ಎಳೆದುಕೊಳ್ಳುವ ಪೈಪನ್ನು ದೊಡ್ಡದು ಮಾಡಬೇಕಂತೆ, ಅಷ್ಟನ್ನು ತಾವೇ ಮಾಡುತ್ತಾರಂತೆ. ಮನೆ ಮುಂದಿನ ಹೊಂಗೆಮರದ ಕೆಳಗೆ ಗಾಡಿ ನಿಲ್ಲಿಸಿದರು. ನಮ್ಮತ್ತೆ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸ್ಪ್ಯಾನರ್ ಕೊಡುವ ಕೆಲಸ ನನ್ನದು. ಇವರು ಮುಂದಿನ ಜಾಲರಿ ಬಿಚ್ಚಿ, ಅದರ ಹಿಂದಿದ್ದ ರಬ್ಬರ್ ಪೈಪನ್ನು ಕಿತ್ತು, ಒಳಗೆ ಇಣುಕಿದರು. ಏನೂ ಕಾಣಲಿಲ್ಲ. ಆ ಕಡೆಯ ಬೆಳಕೂ ಕಾಣಲಿಲ್ಲ. ನೆಲಕ್ಕೆ ಕುಟ್ಟಿದರು.

ಪೈಪಿನೊಳಗಿಂದ ಕಡ್ಲೆಪುರಿ ಸುರಿಯಿತು.

ಮೊದಲು ಬೆಳ್ಳಗಿದ್ದದ್ದು, ಆಮೇಲೆ ಕಂದು ಬಣ್ಣದ್ದು, ಆಮೇಲೆ ಬೆಲ್ಲ, ಧೂಳು ಎಲ್ಲ ಸೇರಿ ಕಲ್ಲಾಗಿದ್ದ ಕರೀ ಉಂಡೆ. ಅದರ ಹಿಂದೆ ಒಣಗಿದ ವೀಳ್ಯದೆಲೆ, ಕುಂಕುಮ ಹತ್ತಿದ ಗೆಜ್ಜೆವಸ್ತ್ರ. ನಾವಿಬ್ಬರೂ ಒಟ್ಟಿಗೆ ಮೆಟ್ಟಿಲ ಕಡೆ ತಿರುಗಿದೆವು. ನಮ್ಮತ್ತೆ ಅವರೆಕಾಯಿಯಿಂದ ಕಣ್ಣೆತ್ತದೆ, ಏನೂ ಆಗಿಲ್ಲವೆಂಬಂತೆ ವಿಷಯ ಹೇಳಿದರು. ಗಾಡಿ ಬಂದ ವರ್ಷದಿಂದಲೂ ಆಯುಧಪೂಜೆಯ ದಿನ, ಎಲ್ಲರೂ ಒಳಗೆ ಹೋದ ಮೇಲೆ, ಜಾಲರಿಯ ಸಂದಿಯಲ್ಲಿ ಕೈ ಹಾಕಿ ಅದಕ್ಕೊಂದು ಹಿಡಿ ಪುರಿ, ಬೆಲ್ಲ ಉಣ್ಣಿಸುತ್ತಿದ್ದರಂತೆ. ಮನೆಯ ಭಾರವನ್ನೆಲ್ಲ ಹೊರುವುದು ಅದು, ಅದನ್ನು ಉಪವಾಸ ಕೆಡವುವುದು ಹೇಗೆ? ಫ್ಲೈಓವರಿನ ಮೇಲೆ ಮುಗ್ಗರಿಸಿದ ಮೇಲಂತೂ ಪಾಪ ಬಲವಿಲ್ಲ ಎಂದು ಶುಕ್ರವಾರ ಶುಕ್ರವಾರವೂ ಹಾಕತೊಡಗಿದ್ದರು.

"ಅಮ್ಮ, ಅದು ಅದರ ಮೂಗು ಕಣಮ್ಮ. ಉಸಿರಾಡೋ ಜಾಗ."

"ಹಾಗಾದ್ರೆ ಬಾಯಿ ಎಲ್ಲಿದ್ಯೋ?" ನಮ್ಮತ್ತೆಗೆ ಬೇಜಾರಾದದ್ದು ಅಷ್ಟಕ್ಕೇ. "ಮೊದ್ಲೇ ತೋರಿಸ್ಬೇಕಿತ್ತು ತಾನೆ?"

ಇವರು ಡೀಸೆಲ್ ಟ್ಯಾಂಕಿನ ಮುಚ್ಚಳ ತೋರಿಸಿದರು. ತೋರಿಸಿದವರೇ ಅಲ್ಲೇ ನೆಲದ ಮೇಲೆ ಕೂತು ನಗಲು ಶುರು ಮಾಡಿದರು. ನನಗೂ ನಗು ತಡೆಯಲಾಗಲಿಲ್ಲ. ಎದುರು ಮನೆಯ ಆಂಟಿ ಬಾಗಿಲಿಗೆ ಬಂದು ಏನಾಯ್ತು ಎಂದು ಕೇಳಿದರು. ಹೇಳಲು ಬಾಯಿ ತೆರೆದರೆ ಮತ್ತೆ ನಗು. ನಮ್ಮತ್ತೆ ಮಾತ್ರ ಗಂಭೀರವಾಗಿ ಎದ್ದು ಬಂದು, ಟ್ಯಾಂಕಿನ ಮುಚ್ಚಳಕ್ಕೆ ಬೀಗ ಇದೆಯಾ ಎಂದು ನೋಡಿದರು. ಇದ್ದದ್ದು ಒಳ್ಳೆಯದಾಯಿತು.

ಹಳೇ ಪೈಪನ್ನೇ ತೊಳೆದು, ಒಣಗಿಸಿ ಹಾಕಿದರು. ಸಾಯಂಕಾಲ ಇಬ್ಬರೂ ಅದೇ ಫ್ಲೈಓವರಿಗೆ ಹೋದೆವು. ಗಾಡಿ ಥರ್ಡ್ ಗೇರಿನಲ್ಲೇ ಹತ್ತಿತು, ಕರೀ ಹೊಗೆಯಿಲ್ಲ, ಮುಕ್ಕರಿಕೆಯಿಲ್ಲ. ಇಳಿದವರು ತಿರುಗಿಸಿಕೊಂಡು ಬಂದು ಇನ್ನೊಂದು ಸಲ ಹತ್ತಿಸಿದರು. ಗ್ಯಾರೇಜಿನ ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಸದ್ಯಕ್ಕೆ ಏನೂ ಬೇಡ ಎಂದರು. ಇಂಜಿನ್ನಿನಲ್ಲಿ ಏನೂ ಕೊರತೆಯಿರಲಿಲ್ಲ, ಇದ್ದದ್ದು ಅತ್ತೆಯ ಅಕ್ಕರೆ ಮಾತ್ರ.

ಇಲ್ಲಿಗೆ ಎಲ್ಲ ಸುಖವಾಗಬೇಕಿತ್ತು. ಆದರೆ ಆ ವಾರ ಬೆಳಿಗ್ಗೆ ಎದ್ದರೆ ಮೊಬೈಲು ಸುಮ್ಮನಿತ್ತು. ನಾಯಂಡಹಳ್ಳಿಗೆ ಹೋಗಲು ಕಾರಣವಿರಲಿಲ್ಲ. ಒಗ್ಗರಣೆ ಹಾಕುವಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಇವರು ಬೇಸರದಲ್ಲೇನೂ ಇರಲಿಲ್ಲ, ಆದರೆ ಆಡಲು ಏನೂ ಉಳಿದಿಲ್ಲದವರಂತೆ ಪೇಪರ್ ಮಡಚಿ ಬಿಚ್ಚಿ ಮಾಡುತ್ತಿದ್ದರು. ಕಾಫಿ ಲೋಟ ಇಡುವ ಸದ್ದು ಮತ್ತೆ ಕೇಳಿಸತೊಡಗಿತು.

ಮದುವೆಯ ಹಿಂದಿನ ದಿನ ಪಾತ್ರೆ, ದಿನಸಿ, ಸಿಲಿಂಡರು ತುಂಬಿಕೊಂಡು ದೇವರಾಯನದುರ್ಗಕ್ಕೆ ಹೊರಟೆವು. ಬೆಟ್ಟದ ಬುಡದಲ್ಲಿ ಇವರು ಗಾಡಿ ನಿಲ್ಲಿಸಿ, ನೀನು ಇಳಿದು ಹಿಂದೆ ಬರುತ್ತಿರುವ ನಮ್ಮ ಅಡುಗೆ ಸಹಾಯಕರ ವ್ಯಾನಿನಲ್ಲಿ ಬಾ, ಒಂದು ವೇಳೆ ಹತ್ತದಿದ್ದರೆ ಎಂದರು. ನಾನು ಇಳಿಯುವುದಿಲ್ಲ, ಹತ್ತದಿದ್ದರೆ ಇಬ್ಬರೂ ಇಲ್ಲೇ ಅಡುಗೆ ಮಾಡೋಣ ಎಂದು ರೇಗಿದೆ. ಕಡಿದಾದ ತಿರುವಿನಲ್ಲಿ ಫಸ್ಟ್ ಗೇರಿಗೆ ಬಂದಾಗ ಇವರ ತುಟಿ ಬಿಗಿದಿತ್ತು, ನಾನು ಸೀಟನ್ನು ಹಿಡಿದುಕೊಂಡಿದ್ದೆ. ಗಾಡಿ ಒಮ್ಮೆಯೂ ತಡವರಿಸಲಿಲ್ಲ. ಮೇಲೆ ತಲುಪಿ ಇಂಜಿನ್ ಆರಿಸಿ ಇವರು ನನ್ನ ಕಡೆ ನೋಡಿದ ನೋಟದಲ್ಲಿ ಹೆಮ್ಮೆಯಿತ್ತು. ನಾನು ಖುಷಿಗೆ ಅತ್ತೇಬಿಟ್ಟೆ.

ಮಾರನೇ ದಿನ ಊಟ ಚೆನ್ನಾಗಿ ನಡೆಯಿತು, ಒಬ್ಬಟ್ಟು ಸಾಲದೆ ಬಂತು. ಸಾಯಂಕಾಲ ಖಾಲಿ ಪಾತ್ರೆ ಹೇರಿಕೊಂಡು ಬೆಟ್ಟ ಇಳಿದೆವು. ಇವರು ಸುಮ್ಮನೆ ರಸ್ತೆ ನೋಡುತ್ತಿದ್ದರು. ಹೆದ್ದಾರಿಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ.

"ರೀ, ಟರ್ಬೋ ಹಾಕಿಸೋಣ."

"ಈಗ್ಯಾಕೆ? ಬೆಟ್ಟ ಹತ್ತಲಿಲ್ವಾ?"

"ಬೆಟ್ಟಕ್ಕಲ್ಲ. ನೀವು ಮಾತಾಡದೆ ಇದ್ರೆ ನಂಗೆ ಆಗಲ್ಲ."

ಇವರು ನನ್ನನ್ನು ಒಮ್ಮೆ ನೋಡಿ, ಮತ್ತೆ ರಸ್ತೆ ನೋಡಿದರು. ಹಾಗಾದರೆ ಮೊದಲು ಕ್ಲಚ್ ಪ್ಲೇಟಿನ ವಿಚಾರ ನೋಡಬೇಕಾಗುತ್ತದೆ ಎಂದರು. ನೆಲಮಂಗಲ ಬಂತು, ಟೋಲ್ ಬಂತು, ಗೊರಗುಂಟೆಪಾಳ್ಯದ ಟ್ರಾಫಿಕ್ ಬಂತು, ಆ ಮಾತು ಮುಗಿಯಲಿಲ್ಲ. ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ನನ್ನ ಮದುವೆಯ ದಿನ ಕೂಡ ನಾನು ಅಷ್ಟು ಸಂತೋಷವಾಗಿರಲಿಲ್ಲ.